ಸೊಸೆಗೆಂದು ತುಂಬಿದ ತೋಟಾಗಳು

ಬಂದೂಕಿನ ತೋಟಾಗಳಿಗೆ ಮದ್ದು ತುಂಬುವ ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಡಬ್ಬಿ ಇರಬೇಕು. ಯಂತ್ರಗಳ ಶೆಡ್ಡಿನ ಮೂಲೆಯಲ್ಲಿದ್ದ ತನ್ನ ಪುಟ್ಟ ಕೋಣೆಗೆ ಯಾರೇ ಕಾಲಿಟ್ಟರೂ ಆರ್ವಿಡ್ ಸ್ಕಾರ್ ಮೊದಲು ಹೇಳುತ್ತಿದ್ದುದು ಇದನ್ನೇ. ರೈಫಲ್ಲಿನ ಮದ್ದು ಬೇರೆ, ಪಿಸ್ತೂಲಿನ ಮದ್ದು ಬೇರೆ. ಒಂದು ಹದವಾಗಿ ಉರಿಯುತ್ತ ಗುಂಡನ್ನು ನಳಿಗೆಯುದ್ದಕ್ಕೂ ತಳ್ಳಿಕೊಂಡು ಹೋಗುತ್ತದೆ. ಇನ್ನೊಂದು ಭಗ್ಗೆಂದು ಒಮ್ಮೆಲೇ ಉರಿದುಬಿಡುತ್ತದೆ. ಅದರ ಜಾಗಕ್ಕೆ ಇದನ್ನು ತುಂಬಿದರೆ ರೈಫಲ್ಲೇ ಸಿಡಿಯುತ್ತದೆ, ಅದೂ ಅದಕ್ಕೆ ಕೆನ್ನೆಯೊತ್ತಿ ಮಲಗಿದವರ ಮುಖಕ್ಕೇ. ಗಡ್ಡ ನೆರೆಯುವುದಕ್ಕೆ ಮುಂಚಿನಿಂದಲೂ ತೋಟಾ ತುಂಬುತ್ತ ಬಂದ ಆರ್ವಿಡ್ ಈ ನಿಯಮವನ್ನು ಒಮ್ಮೆಯೂ ಮುರಿದವನಲ್ಲ.

ಹಾಗಾಗಿ ಆ ಶನಿವಾರ ಬೆಳಿಗ್ಗೆ ಕಾಫಿಯ ಲೋಟ ಹಿಡಿದು ಕೋಣೆಯ ಬಾಗಿಲು ತೆರೆದವನು ಹೊಸ್ತಿಲಲ್ಲೇ ನಿಂತುಬಿಟ್ಟ. ಮೇಜಿನ ಮೇಲೆ, ತಕ್ಕಡಿಯ ಪಕ್ಕದಲ್ಲಿ, ಪಿಸ್ತೂಲಿನ ಮದ್ದಿನ ಡಬ್ಬಿ ಇತ್ತು.

ಕಣ್ಣು ಕಿರಿದುಮಾಡಿ ಹತ್ತಿರ ಹೋಗಿ ನೋಡಿದ. ಅದೇ. ಎರಡು ಬಗೆಯ ಮದ್ದೂ ಬರುವುದು ಒಂದೇ ಅಳತೆಯ ಕಪ್ಪು ಪ್ಲಾಸ್ಟಿಕ್ ಡಬ್ಬಿಯಲ್ಲಿ. ಮೇಲೆ ಅಂಟಿಸಿದ ಚೀಟಿಯ ಬಣ್ಣವೊಂದೇ ಬೇರೆ.

ಹಿಂದಿನ ಸಂಜೆ ಇದೇ ಮೇಜಿನ ಮುಂದೆ ಕೂತು ಅವನು ಸೊಸೆ ಡಾರ್ಲಾಳ ರೈಫಲ್ಲಿಗೆ ತೋಟಾ ತುಂಬಿದ್ದ. ಮೇಜಿನ ಮೇಲೆ ಉಳಿದ ಡಬ್ಬಿಯೆಂದರೆ ಆಗ ತುಂಬಿದ ಮದ್ದಿನದೇ ಇರಬೇಕು. ಆ ತೋಟಾಗಳ ಪೆಟ್ಟಿಗೆಯನ್ನೂ ರೈಫಲ್ಲನ್ನೂ ತನ್ನ ಪಿಕಪ್ಪಿನಲ್ಲಿ ಹಾಕಿಕೊಂಡು ಅವಳು ನಸುಕಿನಲ್ಲೇ ಹೊರಟುಹೋಗಿದ್ದಳು. ಬೆಟ್ಟದಾಚೆಯ ಕಣಿವೆಯಲ್ಲಿ ಇವತ್ತು ಸಾವಿರ ಗಜದ ಪಂದ್ಯ; ಮೊಂಟಾನಾದ ನಾಲ್ಕೂ ಮೂಲೆಯಿಂದ ಜನ ಬರುತ್ತಾರೆ, ಪಕ್ಕದ ಐಡಾಹೋದಿಂದಲೂ ಬರುತ್ತಾರೆ.

ಆರ್ವಿಡ್ ಲೋಟವನ್ನು ಕೆಳಗಿಟ್ಟು ಕಪಾಟು ನೋಡಿದ. ರೈಫಲ್ಲಿನ ಮದ್ದಿನ ಡಬ್ಬಿ ಇರಬೇಕಾದ ಜಾಗ ಬರಿದಾಗಿತ್ತು. ಕೆಳಗಿನ ಹಲಗೆ, ಬಾಗಿಲ ಹಿಂದೆ, ಎಲ್ಲಿಯೂ ಇಲ್ಲ. ಕೊನೆಗೆ ಕಸದ ಬುಟ್ಟಿಗೆ ಕೈಹಾಕಿದರೆ ಅದು ಸಿಕ್ಕಿತು, ಖಾಲಿ ಡಬ್ಬಿ. ರೈಫಲ್ಲಿನ ಮದ್ದು ಮುಗಿದುಹೋಗಿತ್ತು. ಹಾಗಾದರೆ ನಿನ್ನೆ ಸಂಜೆ ತಾನು ಸುರಿದದ್ದು ಯಾವುದನ್ನು?

ನೆನಪು ಮಾಡಿಕೊಳ್ಳಲು ನೋಡಿದ. ತೋಟಾದ ಹಿತ್ತಾಳೆಯ ಕೊಳವೆಗಳನ್ನು ಒಂದೊಂದಾಗಿ ಬೆರಳಲ್ಲಿ ತಿರುಗಿಸಿ ಬಾಯಿ ಸವರಿದ್ದು ನೆನಪಿತ್ತು. ಕೊಳವೆಯ ಬಾಯಿಗೆ ಗುಂಡನ್ನು ಕೂರಿಸುವಾಗ ಒತ್ತುಯಂತ್ರದ ಹಿಡಿಕೆ ಕೈಗೆ ಕೊಡುವ ಮೆತ್ತನೆಯ ಬಿಗಿ ನೆನಪಿತ್ತು. ಬಿಗಿ ಸ್ವಲ್ಪ ಹೆಚ್ಚುಕಡಿಮೆಯಾದ ಎರಡನ್ನು ಪಕ್ಕಕ್ಕೆ ಎತ್ತಿಟ್ಟು, ಬಿಚ್ಚಿ, ಮತ್ತೆ ತುಂಬಿದ್ದೂ ನೆನಪಿತ್ತು. ಆದರೆ ಮದ್ದನ್ನು ಕಣ್ಣಿಂದ ಕಂಡದ್ದು ಮಾತ್ರ ನೆನಪಿಗೆ ಬರಲಿಲ್ಲ. ರೈಫಲ್ಲಿನದು ಜೀರಿಗೆಯಂತೆ ಕಡ್ಡಿಕಡ್ಡಿ, ಪಿಸ್ತೂಲಿನದು ರಾಗಿಯಂತೆ ದುಂಡಗೆ. ಮೊದಲಾಗಿದ್ದರೆ ಆ ವ್ಯತ್ಯಾಸ ಬಾಗಿಲಲ್ಲಿ ನಿಂತರೂ ಕಾಣುತ್ತಿತ್ತು. ಈಗ ತಕ್ಕಡಿಯ ದೊಡ್ಡ ಅಂಕಿಗಳು ಕಾಣುತ್ತಿದ್ದವು, ಉಳಿದದ್ದೆಲ್ಲ ಹಾಲು ಚೆಲ್ಲಿದ ಗಾಜಿನಾಚೆ ಇದ್ದ ಹಾಗೆ. ಎರಡು ಕಣ್ಣಿಗೂ ಪೊರೆ ಬಂದಿದೆ, ತೆಗೆಸಬೇಕು ಎಂದು ಡಾಕ್ಟರು ವಸಂತದಲ್ಲೇ ಹೇಳಿದ್ದರು. ಆರ್ವಿಡ್ ಅದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.



ಡಾರ್ಲಾ ಮದುವೆಯಾಗಿ ಬಂದಾಗ ಬಂದೂಕು ಹಿಡಿದವಳಲ್ಲ. ಶಾಲೆಯ ಬಸ್ಸು ಓಡಿಸುತ್ತಿದ್ದಳು, ಈಗಲೂ ಓಡಿಸುತ್ತಾಳೆ. ಒಂದು ಚಳಿಗಾಲ ಹಿಮ ಬಿದ್ದು ಬಸ್ಸು ಹೊರಡದ ದಿನ ಬೇಜಾರಿಗೆಂದು ಮಾವನ ಕೋಣೆಗೆ ಬಂದು ಕೂತವಳು ಅಲ್ಲೇ ಅಂಟಿಕೊಂಡಳು. ಗಾಳಿಯನ್ನು ಹುಲ್ಲಿನ ಬಾಗಿನಲ್ಲಿ ಓದುವುದು, ಉಸಿರು ಬಿಟ್ಟು ಮುಗಿದ ಗಳಿಗೆಯಲ್ಲಿ ಬೆರಳು ಅದುಮುವುದು, ಎಲ್ಲವನ್ನೂ ಆರ್ವಿಡ್ ಕಲಿಸಿದ. ಸಾವಿರ ಗಜದಾಚೆಯ ಗುರಿಹಲಗೆಯಲ್ಲಿ ಐದು ಈಡನ್ನು ಕಾಫಿ ಸಾಸರಿನಡಿ ಮುಚ್ಚುವಷ್ಟು ಹತ್ತಿರ ಹೊಡೆಯುವವಳಾದಳು. ಕೇಳಿದವರಿಗೆಲ್ಲ, "ನಾನು ಬರೀ ಹೊಡೆಯೋದು. ಹಲಗೆ ಮುಟ್ಟಿಸೋದು ನಮ್ಮ ಮಾವನ ತೋಟಾ," ಎನ್ನುತ್ತಿದ್ದಳು.

ಆರ್ವಿಡ್ ಫೋನು ಎತ್ತಿ ಅವಳಿಗೆ ಕರೆ ಮಾಡಿದ. ಕಣಿವೆಯಲ್ಲಿ ಸಿಗ್ನಲ್ ಇಲ್ಲವೆಂದು ಗೊತ್ತಿದ್ದೂ ಮಾಡಿದ. ಆಮೇಲೆ ಅಂಗಳಕ್ಕೆ ಓಡಿದ.

ಮಗ ವೆಂಡೆಲ್ ಗೋಧಿ ಕಟಾವಿನ ಯಂತ್ರದಡಿ ಮಲಗಿ ಗ್ರೀಸು ಹಚ್ಚುತ್ತಿದ್ದ. ಇಬ್ಬನಿ ಆರುವವರೆಗೆ ಹೊಲಕ್ಕಿಳಿಯುವಂತಿರಲಿಲ್ಲ. ಹೊರಗೆ ಅವನ ಬೂಟುಗಳಷ್ಟೇ ಕಾಣುತ್ತಿದ್ದವು. ಬಂದೂಕೆಂದರೆ ವೆಂಡೆಲ್‌ಗೆ ಆಗದು. ಪಂದ್ಯಕ್ಕೆ ಒಮ್ಮೆಯೂ ಹೋದವನಲ್ಲ. ಅಪ್ಪನ ಕೋಣೆಗೆ ಅವನು ಬರುತ್ತಿದ್ದುದು ಊಟಕ್ಕೆ ಕರೆಯಲು ಮಾತ್ರ, ಅದೂ ಬಾಗಿಲು ತಟ್ಟಿ ಹೋಗಿಬಿಡುತ್ತಿದ್ದ.

"ವೆಂಡೆಲ್, ಹೊರಗೆ ಬಾ."

"ಇನ್ನೆರಡು ಕೀಲಿದೆ ಅಪ್ಪ. ಇರು."

"ಈಗ್ಲೇ ಬಾ. ಡಾರ್ಲಾ ವಿಷ್ಯ."

ವೆಂಡೆಲ್ ತೆವಳಿಕೊಂಡು ಹೊರಬಂದ. ಆರ್ವಿಡ್ ದಾರಿಯಲ್ಲಿ ಮಾತು ಜೋಡಿಸಿಕೊಂಡಿದ್ದ. ಮಗನ ಮುಖ ಕಂಡದ್ದೇ ಎಲ್ಲ ಚದುರಿಹೋಯಿತು.

"ನಿನ್ನೆ ಅವಳಿಗೆ ತುಂಬಿಕೊಟ್ಟ ತೋಟಾ... ತಪ್ಪು ಮದ್ದು ಹಾಕಿದೀನಿ ಅನ್ಸುತ್ತೆ. ಪಿಸ್ತೂಲಿಂದು."

"ಅನ್ಸುತ್ತೆ ಅಂದ್ರೆ?"

"ಗೊತ್ತಿಲ್ಲ. ಮೇಜಿನ ಮೇಲೆ ಆ ಡಬ್ಬಿ ಇದೆ. ರೈಫಲ್ಲಿನ ಡಬ್ಬಿ ಖಾಲಿ. ನಂಗೆ ಕಣ್ಣು ಕಾಣಲ್ಲ ವೆಂಡೆಲ್."

"ಅದನ್ನ ಹೊಡೆದ್ರೆ ಏನಾಗುತ್ತೆ?"

"ರೈಫಲ್ಲೇ ಸಿಡಿಯುತ್ತೆ," ಎಂದ ಆರ್ವಿಡ್. ವೆಂಡೆಲ್‌ಗೆ ಅಷ್ಟೇ ಸಾಕಾಯಿತು. ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಲೇ ಪಿಕಪ್ಪಿನತ್ತ ಓಡಿದ.

ಅಂಗಳ ದಾಟುವಷ್ಟರಲ್ಲೇ ಅವನು ಶೆರಿಫ್ ಕಚೇರಿಗೆ ಫೋನು ಮಾಡಿದ. ಗಸ್ತಿಯವನು ಜಿಲ್ಲೆಯ ಇನ್ನೊಂದು ತುದಿಯಲ್ಲಿದ್ದಾನೆ, ಹೊರಡಿಸುತ್ತೇವೆ, ಆದರೆ ನೀವೇ ಮೊದಲು ಮುಟ್ಟುತ್ತೀರಿ ಎಂದು ಆಚೆಯ ಹೆಂಗಸು ಹೇಳಿದಳು. ವೆಂಡೆಲ್ ಫೋನನ್ನು ಸೀಟಿನ ಮೇಲೆ ಎಸೆದು ಆಕ್ಸಿಲರೇಟರನ್ನು ಪೂರ್ತಿ ಒತ್ತಿದ. ಜಲ್ಲಿ ರಸ್ತೆಯ ಧೂಳು ಹಿಂದೆ ಗೋಡೆಯಂತೆ ಎದ್ದಿತು. ಎರಡೂ ಕಡೆ ಕೊಯ್ಲಿಗೆ ಬಂದ ಗೋಧಿ, ಅದರಾಚೆ ನೀಲಿ ಬೆಟ್ಟ. ಆರ್ವಿಡ್‌ಗೆ ಅವೆಲ್ಲ ಒಂದರೊಳಗೊಂದು ಕಲಸಿದ ಬಣ್ಣಗಳಾಗಿ ಕಾಣುತ್ತಿದ್ದವು. ಮಗ ಬೈಯಲಿ ಎಂದು ಕಾದ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ವೆಂಡೆಲ್ ರಸ್ತೆಯನ್ನೇ ನೋಡುತ್ತ ಓಡಿಸಿದ.

ಡಾಂಬರು ರಸ್ತೆ ಸೇರುವ ಮುಂಚೆ ರೈಲುಹಳಿ ದಾಟಬೇಕು. ಅಲ್ಲಿ ಕೆಂಪು ದೀಪ ಮಿನುಗುತ್ತಿತ್ತು. ಧಾನ್ಯದ ರೈಲು ಆಗಷ್ಟೇ ರಸ್ತೆಗೆ ಅಡ್ಡ ಬಂದಿತ್ತು. ಬೋಗಿಯ ಹಿಂದೆ ಬೋಗಿ, ಬಾಲ ಎಲ್ಲಿದೆಯೋ ಕಾಣದು. ವೆಂಡೆಲ್ ಸ್ಟಿಯರಿಂಗಿಗೆ ಅಂಗೈಯಿಂದ ಹೊಡೆದ, ಮತ್ತೆ ಹೊಡೆದ. ಸುತ್ತಿಬಳಸಿ ಹೋಗುವ ದಾರಿಯೂ ಇರಲಿಲ್ಲ. ಎಂಜಿನ್ ಗುರುಗುಟ್ಟುತ್ತ ನಿಂತಿತು.

"ನಿಂಗೆ ಕಣ್ಣು ಕಾಣ್ತಿಲ್ಲ ಅಂತ ನಂಗೊತ್ತಿತ್ತು," ಎಂದ ವೆಂಡೆಲ್, ಬೋಗಿಗಳನ್ನೇ ನೋಡುತ್ತ.

ಆರ್ವಿಡ್ ಅವನ ಕಡೆ ತಿರುಗಿದ.

"ಈಸ್ಟರ್ ಊಟದ ದಿನ ಕಾಫೀನ ಕಪ್ಪಿನ ಪಕ್ಕಕ್ಕೆ ಸುರಿದ್ಯಲ್ಲ, ಮೇಜಿನ ಬಟ್ಟೆ ಮೇಲೆ. ಕೈ ನಡುಗ್ತು ಅಂದೆ. ನಿನ್ನ ಕೈ ಯಾವತ್ತು ನಡುಗಿದ್ದು?"

"ಗೊತ್ತಿದ್ರೆ ಕೇಳ್ಬೇಕಿತ್ತು."

"ನೀನೇ ಹೇಳ್ತೀಯ ಅಂತ ಕಾದೆ. ನಂಗಲ್ದಿದ್ರೂ ಡಾರ್ಲಾಗೆ ಹೇಳಿರ್ತೀಯ ಅಂದ್ಕೊಂಡೆ. ದಿನಾ ಸಂಜೆ ಇಬ್ರೂ ಆ ಕೋಣೇಲಿ ಅದೇನು ಮಾತು, ಅದೇನು ನಗು. ನಾನು ಬಾಗ್ಲು ತಟ್ಟಿದ ತಕ್ಷಣ ಇಬ್ರೂ ಗಪ್‌ಚಿಪ್."

"ಗಪ್‌ಚಿಪ್ ಎಲ್ಲಿ? ನೀನು ಒಳಗೇ ಬರಲ್ಲ. ತಟ್ತೀಯ, ಹೋಗ್ತೀಯ."

"ಯಾರು ಬಾ ಅಂದ್ರು?"

 ನಿಜವಾಗಿಯೂ ಯಾರೂ ಅಂದಿರಲಿಲ್ಲ. ಬಂದೂಕು ಇಷ್ಟವಿಲ್ಲದವನಿಗೆ ಅಲ್ಲೇನು ಕೆಲಸ ಎಂದು ಆರ್ವಿಡ್ ಅಂದುಕೊಂಡಿದ್ದನೇ ಹೊರತು, ಮಗನಿಗೆ ಅಲ್ಲಿ ಕೂರಲು ಒಂದು ಸ್ಟೂಲು ಬೇಕಾಗಬಹುದೆಂದು ಅವನಿಗೆ ಹೊಳೆದಿರಲೇ ಇಲ್ಲ.

"ಹೇಳಿದ್ರೆ ಕೋಣೆಗೆ ಬೀಗ ಹಾಕ್ತೀರಿ ಅಂತ ಹೆದ್ರಿದೆ," ಎಂದ ಕೊನೆಗೆ. "ಈ ಬೇಸಿಗೆ ಕಳೀಲಿ, ಪಂದ್ಯ ಎಲ್ಲ ಮುಗೀಲಿ, ಆಮೇಲೆ ನೋಡ್ಕೊಂಡ್ರಾಯ್ತು ಅಂತ."

"ಬೀಗ ಯಾಕೆ ಹಾಕ್ಲಿ? ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತಿದ್ದೆ ಅಷ್ಟೇ."

"ಅವಳಿಗೇನಾದ್ರೂ ಆಗಿದ್ರೆ ವೆಂಡೆಲ್..."

"ಬಾಯ್ಮುಚ್ಚು ಅಪ್ಪ." ವೆಂಡೆಲ್ ಗೇರಿಗೆ ಕೈಹಾಕಿದ. "ಅವಳು ನೆಟ್ಟಗಿದ್ರೆ ಸಾಕು. ಉಳಿದಿದ್ದಕ್ಕೆಲ್ಲ ಆಮೇಲೆ ಕೂತು ಜಗಳ ಆಡೋಣ," ಎಂದ.

ಕೊನೆಯ ಬೋಗಿ ಸರಿದು ಹೋಯಿತು. ದೀಪ ಆರುವ ಮುಂಚೆಯೇ ಪಿಕಪ್ಪು ಹಳಿ ಹಾರಿತ್ತು.

ಕಣಿವೆಯ ತಿರುವಿನಲ್ಲಿ ಮೊದಲ ಈಡಿನ ಸದ್ದು ಕೇಳಿಸಿತು. ಆಮೇಲೆ ಇನ್ನೊಂದು, ಮತ್ತೆರಡು ಒಟ್ಟಿಗೆ. ಪಂದ್ಯ ಶುರುವಾಗಿತ್ತು. ಆರ್ವಿಡ್ ಕಿವಿಯೊಡ್ಡಿ ಕೂತ. ಕಣ್ಣು ಕೈಕೊಟ್ಟಿದ್ದರೂ ಅವನ ಕಿವಿ ಚುರುಕಾಗಿತ್ತು. ಪ್ರತಿ ಸದ್ದೂ ತುಂಬು ಸದ್ದು, ನಳಿಗೆಯ ಬಾಯಿಂದ ಬಂದದ್ದು. ಬೇರೆ ತರಹದ್ದು, ಕಬ್ಬಿಣ ಸೀಳಿದಂಥದ್ದು ಬರುತ್ತದೆಯೋ ಎಂದು ಕಾಯುತ್ತ, ಬಾರದಿರಲಿ ಎಂದು ಬಹಳ ಕಾಲದಿಂದ ಹೇಳದ ಪ್ರಾರ್ಥನೆಯೊಂದನ್ನು ತಪ್ಪುತಪ್ಪಾಗಿ ಹೇಳಿಕೊಂಡ.

ಗಾಡಿ ಪೂರ್ತಿ ನಿಲ್ಲುವ ಮೊದಲೇ ಇಳಿದು ಓಡಿದ. ಒಂದು ಮೊಣಕಾಲು ಮಡಚುತ್ತಿರಲಿಲ್ಲ, ಆದರೂ ಓಡಿದ. ಮುಂದೆ ಚಾಪೆಗಳ ಮೇಲೆ ಸಾಲಾಗಿ ಮಲಗಿದ ಆಕಾರಗಳು. ಯಾವುದು ಡಾರ್ಲಾ ಎಂದು ಅವನಿಗೆ ತಿಳಿಯಲಿಲ್ಲ. ತಿಳಿಯುವ ಅಗತ್ಯವೂ ಇರಲಿಲ್ಲ. ಈ ಮೈದಾನದಲ್ಲಿ ಅಪಾಯ ಕಂಡವರು ಯಾರು ಬೇಕಾದರೂ ಕೂಗಬಹುದು. ಕೂಗಿದರೆ ಎಲ್ಲರೂ ನಿಲ್ಲಿಸಬೇಕು, ಕಾರಣ ಆಮೇಲೆ.

"ನಿಲ್ಸಿ! ಈಡು ನಿಲ್ಸಿ! ಎಲ್ರೂ ನಿಲ್ಸಿ!"

ಸಾಲು ಸ್ತಬ್ಧವಾಯಿತು. ಖಟಖಟನೆ ರೈಫಲ್ಲುಗಳ ಬೋಲ್ಟು ತೆರೆದ ಸದ್ದು. ಈ ಸುತ್ತು ನಡೆಸುತ್ತಿದ್ದ ಹಾಲಿಸ್ ಮೈಕಿನಲ್ಲಿ ಮತ್ತೊಮ್ಮೆ ನಿಲ್ಲಿಸಲು ಹೇಳಿ ಕೆಂಪು ಬಾವುಟ ಏರಿಸಿದ. ಹಾಲಿಸ್ ಅಂಚೆ ಹಂಚಿ ನಿವೃತ್ತನಾದವನು, ಆರ್ವಿಡ್‌ನ ಹಳೆಯ ಗೆಳೆಯ.

"ಯಾರೋ ಅದು? ಆರ್ವಿಡ್? ಏನಾಯ್ತೋ?"

ಆರ್ವಿಡ್ ಅವನನ್ನು ದಾಟಿ, "ಡಾರ್ಲಾ! ಡಾರ್ಲಾ!" ಎನ್ನುತ್ತ ಸಾಲಿನುದ್ದಕ್ಕೂ ನಡೆದ. ನಡುವಿನ ಚಾಪೆಯಿಂದ ಒಂದು ತಲೆ ಎದ್ದಿತು. ಕಿವಿಯ ಮುಚ್ಚಳ ಕೆಳಗಿಳಿಸಿ ಅವಳು ಅವನನ್ನೇ ನೋಡುತ್ತಿದ್ದಳು.

"ಮಾವ? ಏನು, ಮನೇಲೇನಾದ್ರೂ ಆಯ್ತಾ?"

"ಹೊಡೆದ್ಯಾ? ಎಷ್ಟು ಹೊಡೆದೆ?"

"ನಾಕು. ಯಾಕೆ?"

"ನಿನ್ನೆ ತುಂಬಿದ್ದನ್ನಾ? ಈ ಪೆಟ್ಟಿಗೇದನ್ನೇ?"

"ಇನ್ಯಾವುದನ್ನ ಹೊಡೀಲಿ? ನಾಕೂ ಒಂದರ ಪಕ್ಕ ಒಂದು ಕೂತಿದ್ವು, ನೀವು ಬಂದು ಕೂಗೋವರ್ಗೂ!"

ಪಿಸ್ತೂಲಿನ ಮದ್ದಾಗಿದ್ದರೆ ಮೊದಲ ಈಡೇ ಕೊನೆಯದಾಗುತ್ತಿತ್ತು. ನಾಲ್ಕು ಹೋಗಿವೆ. ಅವಳ ಕೆನ್ನೆ ಕೆನ್ನೆಯ ಜಾಗದಲ್ಲಿದೆ, ಎರಡೂ ಕಣ್ಣು ಅವನ ಮೇಲೆ ಸಿಡಿಮಿಡಿಗೊಂಡಿವೆ.  ಆರ್ವಿಡ್ ಅಲ್ಲೇ ಜಲ್ಲಿಯ ಮೇಲೆ ಕೂತುಬಿಟ್ಟ.

ಅಷ್ಟರಲ್ಲಿ ವೆಂಡೆಲ್ ಬಂದ. ಅಪ್ಪನನ್ನು ದಾಟಿ, ಮಂಡಿಯೂರಿ, ಹೆಂಡತಿಯನ್ನು ಗ್ರೀಸಿನ ಕೈಗಳಲ್ಲೇ ತಬ್ಬಿಕೊಂಡ. ಅವಳ ಬಿಳಿ ಅಂಗಿಯ ಬೆನ್ನಿನ ಮೇಲೆ ಹತ್ತು ಬೆರಳೂ ಮೂಡಿದವು.

"ನೀನಿಲ್ಲಿ?" ಡಾರ್ಲಾಳಿಗೆ ಈಗ ನಿಜವಾಗಿ ಗಾಬರಿಯಾಯಿತು. "ಗೋಧಿ ಬಿಟ್ಟು ಬಂದ್ಯಾ? ಯಾರು ಸತ್ರು? ಹೇಳ್ರೋ ಯಾರಾದ್ರೂ!"

"ಯಾರೂ ಸತ್ತಿಲ್ಲ," ಎಂದ ವೆಂಡೆಲ್ ಅವಳ ಹೆಗಲಿನೊಳಗೆ ಮುಖವಿಟ್ಟು. "ಯಾರೂ ಸತ್ತಿಲ್ಲ."

ಆರ್ವಿಡ್‌ಗೆ ಮಾತ್ರ ಇನ್ನೂ ನಂಬಿಕೆ ಬರಲಿಲ್ಲ. ಪೆಟ್ಟಿಗೆಯಿಂದ ಹೊಡೆಯದ ತೋಟಾ ಒಂದನ್ನು ತೆಗೆದು ಕಿವಿಯ ಬಳಿ ಅಲ್ಲಾಡಿಸಿದ. ಸದ್ದಿಲ್ಲ, ಕಂಠದವರೆಗೆ ಮದ್ದು ತುಂಬಿದೆ. ಪಿಸ್ತೂಲಿನ ಸಣ್ಣ ಕಾಳಾಗಿದ್ದರೆ ಅದೇ ತೂಕಕ್ಕೆ ಒಳಗೆ ಜಾಗ ಉಳಿದು ಗಿಲಗಿಲ ಎನ್ನಬೇಕಿತ್ತು. ಖಾಲಿಯಾದ ಹಿತ್ತಾಳೆಯೊಂದನ್ನು ಎತ್ತಿ ಅದರ ಬುಡವನ್ನು ಹೆಬ್ಬೆರಳಲ್ಲಿ ಸವರಿದ. ಮದ್ದಿಗೆ ಕಿಡಿ ಹಾರಿಸುವ ಕೇಪಿನ ಅಂಚು ದುಂಡಗೇ ಇತ್ತು. ಒತ್ತಡ ಮಿತಿ ಮೀರಿದ್ದರೆ ಅದು ಚಪ್ಪಟೆಯಾಗಿರುತ್ತಿತ್ತು. ಹಾಗಾದರೆ ಎಲ್ಲ ಸರಿಯಿದೆ. ಹಾಗಾದರೆ ಆ ಡಬ್ಬಿ?

ಮೇಜಿನ ಮೇಲೆ ಕಂಡದ್ದನ್ನೆಲ್ಲ ಹೇಳಿದ. ಅವನು ಮುಗಿಸುವಷ್ಟರಲ್ಲಿ ಡಾರ್ಲಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು.

"ಅಯ್ಯೋ ಮಾವ, ಅದು ನಾನಿಟ್ಟಿದ್ದು! ಬೆಳಿಗ್ಗೆ ಹೊರಡೋವಾಗ ರೈಫಲ್ಲಿನ ಡಬ್ಬಿ ತಗೊಳ್ಳೋಕೆ ಹೋದೆ. ಹಾಲಿಸ್‌ಗೆ ಈ ಮದ್ದು ಎಲ್ಲೂ ಸಿಗ್ತಿಲ್ಲ, ಉಳಿದಿದ್ದನ್ನ ಕೊಟ್ಬಿಡೋಣ ಅಂತ ಬುಧವಾರ ನೀವೇ ಅಂದ್ರಲ್ಲ. ಪಿಸ್ತೂಲಿಂದು ಅಡ್ಡ ಇತ್ತು. ಎತ್ತಿ ಮೇಜಿನ ಮೇಲಿಟ್ಟೆ. ವಾಪಸ್ ಇಡೋದು ಮರೆತೇಬಿಟ್ಟೆ."

"ಕಸದ ಬುಟ್ಟೀಲಿ ಖಾಲಿ ಡಬ್ಬಿ ಇತ್ತಲ್ಲ?"

"ಅದು ಹೋದ ವಾರ ಮುಗಿದಿದ್ದು. ಹೊಸದನ್ನ ನೀವೇ ಒಡೆದ್ರಿ, ನನ್ನ ಮುಂದೇನೇ." ಬೆಳಗಿನ ಗಾಬರಿಯಲ್ಲಿ ಆರ್ವಿಡ್‌ಗೆ ಎರಡೂ ಮರೆತಿದ್ದವು.

ಹಾಲಿಸ್ ತನ್ನ ಗಾಡಿಯಿಂದ ಡಬ್ಬಿ ತಂದು ಮುಚ್ಚಳ ಬಿಚ್ಚಿ ಆರ್ವಿಡ್‌ನ ಅಂಗೈಗೆ ಒಂದು ಚಿಟಿಕೆ ಸುರಿದ. ಆರ್ವಿಡ್ ಅದನ್ನು ನೋಡಲು ಹೋಗಲಿಲ್ಲ. ಬೆರಳಲ್ಲಿ ಉಜ್ಜಿದ. ಕಡ್ಡಿಕಡ್ಡಿ. ಜೀರಿಗೆಯಂಥದ್ದೇ.  ಅವನಿಗೆ ನಗು ಬಂತು, ನಗುವಿನ ಹಿಂದೆ ಕಣ್ಣೀರು. ಗಡ್ಡದ ಮೇಲೆ ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ.

"ಲೋ ಮುದುಕ," ಎಂದ ಹಾಲಿಸ್, "ನನ್ನ ಮೈದಾನದಲ್ಲಿ ಇಷ್ಟು ಜೋರಾಗಿ ಕೂಗಿದವ್ರು ಇನ್ನೊಬ್ರಿಲ್ಲ ಕಣೋ. ಬೆಟ್ಟದ ಮೇಲಿನ ಜಿಂಕೆಗಳೂ ಅಲ್ಲಾಡ್ದೆ ನಿಂತ್ವು."

ಪಕ್ಕದ ಚಾಪೆಯ ಐಡಾಹೋದವನು ಎದ್ದು ಕೂತು, "ನಂಗೆ ಈಗಷ್ಟೇ ಗಾಳಿಯ ಲೆಕ್ಕ ಸಿಕ್ಕಿತ್ತು ಮಾರಾಯ್ರೇ," ಎಂದು ಗೊಣಗಿದ. ಆಮೇಲೆ ಆರ್ವಿಡ್‌ನ ಮುಖ ನೋಡಿ, "ಹೋಗ್ಲಿ ಬಿಡಿ. ಗಾಳಿ ನಾಳೇನೂ ಬೀಸುತ್ತೆ," ಎಂದು ತನ್ನ ನೀರಿನ ಬಾಟಲಿಯನ್ನು ಅವನ ಕೈಗಿಟ್ಟ.

ಹಾಲಿಸ್ ಈ ಸುತ್ತನ್ನು ಎಲ್ಲರೂ ಹೊಸದಾಗಿ ಹೊಡೆಯಬೇಕೆಂದು ಸಾರಿದ. ಯಾರೂ ತಕರಾರು ಮಾಡಲಿಲ್ಲ. ಶೆರಿಫ್ ಕಚೇರಿಗೆ ಸುದ್ದಿ ಮುಟ್ಟಿಸಲು ವೆಂಡೆಲ್ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದ. ಡಾರ್ಲಾ ಮಾವನ ಪಕ್ಕ ಜಲ್ಲಿಯ ಮೇಲೆ ಕೂತಳು.

"ಸುಮ್ನೆ ಪ್ರಾಣ ತಿಂದ್ಕೊಂಡ್ರಿ ಮಾವ. ನೀವು ಯಾವ ತಪ್ಪೂ ಮಾಡಿರ್ಲಿಲ್ಲ."

"ಮಾಡಿರ್ಲಿಲ್ಲ," ಎಂದ ಆರ್ವಿಡ್. "ಆದ್ರೆ ಮಾಡಿಲ್ಲ ಅಂತ ನಂಗೇ ಗೊತ್ತಿರ್ಲಿಲ್ಲ ನೋಡು. ಅದು ತಪ್ಪಿಗಿಂತ ಕೆಟ್ಟದ್ದು." ಆಮೇಲೆ ಕಣ್ಣಿನ ಪೊರೆಯ ವಿಷಯ, ಡಾಕ್ಟರು ಅಂದದ್ದು, ತಾನು ಮುಚ್ಚಿಟ್ಟದ್ದು, ಎಲ್ಲವನ್ನೂ ಹೇಳಿದ.

ಡಾರ್ಲಾ ಒಂದು ಜಲ್ಲಿಕಲ್ಲನ್ನೆತ್ತಿ ದೂರ ಎಸೆದಳು. ಅವಳಿಗೆ ಕೋಪ ಬಂದಿದೆ ಎಂದು ಅವನಿಗೆ ಗೊತ್ತಾಯಿತು. ಬರಲಿ, ಬರಬೇಕಾದದ್ದೇ.

"ಪೊರೆ ತೆಗೆಸೋವರ್ಗೂ ಮದ್ದಿನ ಕೆಲಸ ನಂದು," ಎಂದಳು ಕೊನೆಗೆ. "ಡಬ್ಬಿ ತೆಗೆಯೋದು, ತೂಗೋದು, ಸುರಿಯೋದು, ಎಲ್ಲ. ಗುಂಡು ಕೂರಿಸೋದು ನಿಮ್ದು. ಅದಕ್ಕೆ ನಿಮ್ಮ ಕೈಯೇ ಬೇಕು, ಆ ಬಿಗಿ ನಂಗೆ ತಿಳಿಯಲ್ಲ. ಒಪ್ಪಿಗೆನಾ?"

"ಒಪ್ಪಿಗೆ."

"ಇನ್ನೊಂದ್ಸಲ ಹೀಗೆ ಮುಚ್ಚಿಟ್ರೆ ಮಾತ್ರ ನಾನೇ ಬೀಗ ಹಾಕ್ತೀನಿ."

"ಹಾಕು ತಾಯಿ."

ಎರಡನೆಯ ಬಾರಿ ಹೊಡೆದಾಗ ಅವಳ ಈಡುಗಳು ಮೊದಲಿನಷ್ಟು ಹತ್ತಿರ ಕೂರಲಿಲ್ಲ. ಗಾಳಿ ತಿರುಗಿತ್ತು. ಐಡಾಹೋದವನೇ ಗೆದ್ದ, ಡಾರ್ಲಾಳಿಗೆ ಮೂರನೆಯ ಸ್ಥಾನ. ಅವಳು ಹೊಡೆಯುವುದನ್ನು ವೆಂಡೆಲ್ ಮೊದಲ ಸಲ ನೋಡಿದ. ಪ್ರತಿ ಈಡಿಗೂ ಅವನ ಭುಜ ಬೆಚ್ಚಿತು, ಆದರೂ ಅಲ್ಲಿಂದ ಕದಲಲಿಲ್ಲ. ಮಧ್ಯದಲ್ಲಿ ಒಮ್ಮೆ ಆರ್ವಿಡ್‌ನ ಕಿವಿಯಲ್ಲಿ, "ಆ ದೂರದ ಹುಲ್ಲನ್ನ ಯಾಕೆ ಅಷ್ಟೊತ್ತು ನೋಡ್ತಾಳೆ ಅವಳು?" ಎಂದು ಕೇಳಿದ. ಆರ್ವಿಡ್ ವಿವರಿಸಿದ. ಹುಲ್ಲು ತನಗೆ ಕಾಣುತ್ತಿರಲಿಲ್ಲವಾದ್ದರಿಂದ ಅದು ಯಾವ ಕಡೆ ಬಾಗಿದೆ ಎಂದು ಮಗನನ್ನೇ ಕೇಳಬೇಕಾಯಿತು.

ಮಧ್ಯಾಹ್ನ ಕ್ಲಬ್ಬಿನವರು ಬೇಯಿಸಿದ ಹ್ಯಾಂಬರ್ಗರ್ ತಿಂದರು. ಆರ್ವಿಡ್ ಎರಡು ತಿಂದ, ಮೂರನೆಯದಕ್ಕೂ ಕೈಚಾಚಿದ. ಬೆಳಗಿನ ಕಾಫಿಯನ್ನೂ ಕುಡಿದಿರಲಿಲ್ಲ ಎಂಬುದು ಆಗ ಹೊಟ್ಟೆಗೆ ನೆನಪಾಗಿತ್ತು.

"ಸೋಮವಾರ ಗ್ರೇಟ್ ಫಾಲ್ಸ್‌ಗೆ ಫೋನ್ ಮಾಡ್ತೀನಿ, ಕಣ್ಣಿನ ಆಸ್ಪತ್ರೆಗೆ," ಎಂದ ವೆಂಡೆಲ್.

"ಕಟಾವು ಮುಗೀಲಿ ವೆಂಡೆಲ್. ನಿಂಗೂ ಕೆಲಸ ಇದೆ."

"ಸೋಮವಾರ ಅಂದೆ."

"ಸರಿ, ಸೋಮವಾರ."

ಹೊರಡುವಾಗ ಡಾರ್ಲಾ ತನ್ನ ಗಾಡಿಯ ಬಾಗಿಲು ತೆರೆದು, "ಬನ್ನಿ ಮಾವ," ಎಂದಳು. ಪಂದ್ಯ ಮುಗಿಸಿ ವಾಪಸಾಗುವಾಗ ಒಂದೊಂದು ಈಡನ್ನೂ ಮತ್ತೆ ಮಾತಲ್ಲೇ ಹೊಡೆಯುತ್ತ ಹೋಗುವುದು ಇಬ್ಬರ ರೂಢಿ. ಆರ್ವಿಡ್ ಮಗನ ಗಾಡಿಯತ್ತ ನೋಡಿದ.

"ನೀನು ನಡಿ," ಎಂದ. "ನಾನು ಇವನ ಜೊತೆ ಬರ್ತೀನಿ. ಜಗಳ ಬಾಕಿ ಇದೆ ನಮ್ದು."

ಆದರೆ ಜಗಳವಾಗಲಿಲ್ಲ. ಕಣಿವೆ ದಾಟುವ ಮುಂಚೆಯೇ ಆರ್ವಿಡ್‌ನ ತಲೆ ಸೀಟಿಗೆ ಒರಗಿತ್ತು. ಬಾಯಿ ತೆರೆದು ಸಣ್ಣಗೆ ಗೊರಕೆ ಹೊಡೆಯುತ್ತಿದ್ದ. ಜಲ್ಲಿ ರಸ್ತೆ ಬಂದಾಗ ವೆಂಡೆಲ್ ವೇಗ ತಗ್ಗಿಸಿದ. ಮುಂದೆ ಹೋಗುತ್ತಿದ್ದ ಡಾರ್ಲಾಳ ಗಾಡಿಯ ಧೂಳು ಒಳಗೆ ಬರದಂತೆ ಒಂದು ಕೈಯಿಂದ ಅಪ್ಪನ ಕಡೆಯ ಕಿಟಕಿಯ ಗಾಜು ಏರಿಸಿ, ಅವಳ ಹಿಂದೆ ನಿಧಾನವಾಗಿ ಮನೆಯ ಕಡೆ ಗಾಡಿ ಬಿಟ್ಟ.